ರೋಗಿಯ ಭಾರ, ದಾದಿಯ ಬೆನ್ನು

ಐವತ್ತು ಕಿಲೋಗ್ರಾಂ ಸಿಮೆಂಟಿನ ಚೀಲವನ್ನು ಹೊರುವವನನ್ನು ಕಂಡರೆ, ಅದು ಕಷ್ಟದ ದುಡಿಮೆಯೆಂದು ಯಾರೂ ಒಪ್ಪುವರು. ಅದಕ್ಕಿಂತ ಭಾರವಾದ ರೋಗಿಯನ್ನು ದಿನಕ್ಕೆ ಹಲವು ಸಲ ಎತ್ತಿ, ಹೊರಳಿಸಿ, ಕೂರಿಸುವ ದಾದಿಯ ಕೆಲಸವನ್ನು ನಾವು ಸೇವೆಯೆಂದು ಹೊಗಳುತ್ತೇವೆಯೇ ಹೊರತು ಹೊರೆಯೆಂದು ಎಣಿಸುವುದಿಲ್ಲ. ಚೀಲವಾದರೋ ನೋವಿನಿಂದ ನರಳದು; ನಡುವೆ ಬೆಚ್ಚಿ ಕೊರಳನ್ನು ತಬ್ಬಿಕೊಳ್ಳದು. ಈ ಕೆಲಸದಲ್ಲಿ ಬೆನ್ನಿನ ಮೇಲೆ ಬೀಳುವ ಹೊರೆ ಎಷ್ಟೆಂಬುದನ್ನು ಲೆಕ್ಕ ಹಾಕಿ ನೋಡೋಣ.

ಸನ್ನೆಯ ನಿಯಮವು ವಾಚಕರಿಗೆ ತಿಳಿದದ್ದೇ. ಭಾರವನ್ನು ಆನಿಕೆಯಿಂದ ಅದಕ್ಕಿರುವ ದೂರದಿಂದ ಗುಣಿಸಿದರೆ ಬರುವ ಲಬ್ಧವು, ಬಲವನ್ನು ಅದರ ದೂರದಿಂದ ಗುಣಿಸಿದ ಲಬ್ಧಕ್ಕೆ ಸಮನಾಗಿರಬೇಕು. ಬಾಗಿ ನಿಂತಾಗ ನಮ್ಮ ಬೆನ್ನೂ ಒಂದು ಸನ್ನೆಯೇ. ಸೊಂಟದ ಕಶೇರುಗಳ ನಡುವಿನ ಮೆತ್ತೆ ಅದರ ಆನಿಕೆ. ಬೆನ್ನಿನ ಸ್ನಾಯುಗಳ ಸೆಳೆತವೇ ಬಲ. ಆದರೆ ಈ ಸ್ನಾಯುಗಳು ಆನಿಕೆಯಿಂದ ಸುಮಾರು 5 ಸೆಂಟಿಮೀಟರ್ ದೂರದಲ್ಲಿ ಮಾತ್ರ ಇವೆ.

60 ಕಿಲೋಗ್ರಾಂ ತೂಕದ ರೋಗಿಯನ್ನು ಇಬ್ಬರು ಸಮನಾಗಿ ಎತ್ತುವರೆಂದು ಭಾವಿಸೋಣ. ಒಬ್ಬೊಬ್ಬರ ಪಾಲು 30 ಕಿಲೋಗ್ರಾಂ. ಮಂಚದ ಮೇಲೆ ಬಾಗಿದಾಗ ಆ ಭಾರವು ಆನಿಕೆಯಿಂದ 40 ಸೆಂಟಿಮೀಟರ್ ಮುಂದಿದ್ದರೆ, ಸ್ನಾಯುಗಳು 240 ಕಿಲೋಗ್ರಾಂ ತೂಕದಷ್ಟು ಬಲದಿಂದ ಸೆಳೆಯಬೇಕು. ದಾದಿಯ ಮೈಯ ಮೇಲ್ಭಾಗವೂ ಮುಂದಕ್ಕೆ ವಾಲಿರುತ್ತದಷ್ಟೆ. ಅದು 35 ಕಿಲೋಗ್ರಾಂ ಇದ್ದು 20 ಸೆಂಟಿಮೀಟರ್ ಮುಂದಿದ್ದರೆ ಇನ್ನೂ 140 ಸೇರಿ, ಒಟ್ಟು 380 ಆಗುವುದು. ಈ ಸೆಳೆತವೆಲ್ಲ ಆ ಪುಟ್ಟ ಮೆತ್ತೆಯನ್ನೇ ಅದುಮುತ್ತದೆ.

ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆಯು 1981ರಲ್ಲಿ ಈ ಒತ್ತಡಕ್ಕೆ 3400 ನ್ಯೂಟನ್, ಅಂದರೆ ಸುಮಾರು 347 ಕಿಲೋಗ್ರಾಂ ತೂಕದ ಎಲ್ಲೆಯನ್ನು ಸೂಚಿಸಿತು. ಇಬ್ಬರು ಸೇರಿ ಎತ್ತಿದರೂ ನಮ್ಮ ಲೆಕ್ಕವು ಆ ಎಲ್ಲೆಯನ್ನು ಮೀರಿತು. ಅದೇ ಸಂಸ್ಥೆಯ ಥಾಮಸ್ ವಾಟರ್ಸ್ 2007ರಲ್ಲಿ, ಅನುಕೂಲ ಸನ್ನಿವೇಶದಲ್ಲಿಯೂ ರೋಗಿಯ ಭಾರದಲ್ಲಿ ಒಬ್ಬರು ಕೈಯಿಂದ ಎತ್ತಬಹುದಾದದ್ದು 35 ಪೌಂಡು, ಸುಮಾರು 16 ಕಿಲೋಗ್ರಾಂ ಮಾತ್ರವೆಂದು ತಿಳಿಸಿದರು. ಆದ್ದರಿಂದ ‘ಸರಿಯಾಗಿ ಬಾಗಿ ಎತ್ತಿರಿ’ ಎಂಬ ಉಪದೇಶವೊಂದೇ ಸಾಲದು.

ಹಾಗಾದರೆ ಉಪಾಯವೇನು? ಮಂಚವನ್ನು ಸೊಂಟದೆತ್ತರಕ್ಕೆ ಏರಿಸಿ ಹತ್ತಿರ ನಿಂತರೆ ಸನ್ನೆಯ ತೋಳು ಕುಗ್ಗುತ್ತದೆ. ರೋಗಿಯನ್ನು ಎತ್ತುವ ಬದಲು ನುಣುಪಾದ ಜಾರುಹಾಳೆಯ ಮೇಲೆ ಸರಿಸಿದರೆ ಘರ್ಷಣೆಯನ್ನಷ್ಟೇ ಗೆದ್ದರೆ ಸಾಕು. ರೋಗಿಯ ಚರ್ಮವೂ ಉಜ್ಜಿಹೋಗದು. ತಾನಾಗಿ ಏಳಲಾರದವರಿಗೆ ಎತ್ತುಯಂತ್ರವೇ ತಕ್ಕದ್ದು. ಗಾಲಿಮಂಚದ ತಡೆಯನ್ನು ಹಾಕದಿದ್ದರೆ, ರೋಗಿಯು ಒಂದು ಕಡೆ, ಮಂಚವು ಇನ್ನೊಂದು ಕಡೆ ಸರಿದು ನ್ಯೂಟನ್ನನ ಮೂರನೆಯ ನಿಯಮವು ನೆಲದ ಮೇಲೆ ಸಿದ್ಧವಾಗುವುದು!

ಈ ವಿಚಾರಗಳೇ ಕೆಲವೆಡೆ ಕಾನೂನಾಗಿವೆ. ಬ್ರಿಟನ್ನಿನ 1992ರ ನಿಯಮಾವಳಿಯಂತೆ ಮಾಲೀಕನು ಅಪಾಯಕರವಾದ ಎತ್ತುವಿಕೆಯನ್ನು ಸಾಧ್ಯವಾದಷ್ಟು ತಪ್ಪಿಸಬೇಕು. ತಪ್ಪದಿದ್ದಲ್ಲಿ ಅಪಾಯವನ್ನು ಅಳೆದು ತಗ್ಗಿಸಬೇಕು. ಏರ್ಪಡಿಸಿದ ಕ್ರಮವನ್ನು ಅನುಸರಿಸುವುದು ನೌಕರನ ಕರ್ತವ್ಯ. ಅಮೆರಿಕದ ಟೆಕ್ಸಾಸ್ ಸಂಸ್ಥಾನವು 2005ರಲ್ಲಿ ಆಸ್ಪತ್ರೆಗಳಿಗೆ ಇಂತಹ ನೀತಿಯನ್ನು ಕಡ್ಡಾಯ ಮಾಡಿತು. ತನಗಾಗಲಿ ರೋಗಿಗಾಗಲಿ ಅಪಾಯವೆಂದು ಪ್ರಾಮಾಣಿಕವಾಗಿ ನಂಬಿದ ದಾದಿಯು ಆ ಕೆಲಸವನ್ನು ನಿರಾಕರಿಸುವ ಮಾರ್ಗವೂ ಅದರಲ್ಲಿದೆ.

ಹೀಗೆ ಹೊಣೆಯು ಎರಡು ಕಡೆಗೂ ಹಂಚಿದೆ. ಸಲಕರಣೆ, ಶಿಕ್ಷಣ, ಸಾಕಷ್ಟು ಜನ - ಇವುಗಳನ್ನು ಒದಗಿಸುವುದು ಆಸ್ಪತ್ರೆಯ ಹೊಣೆ. ರೋಗಿಯು ತನ್ನ ಕಾಲ ಮೇಲೆ ಎಷ್ಟು ಭಾರ ತಾಳಬಲ್ಲನೆಂದು ಮೊದಲು ವಿಚಾರಿಸುವುದು, ಮಾಡಲಿರುವುದನ್ನು ಅವನಿಗೆ ತಿಳಿಸುವುದು, ಯಂತ್ರದ ಪಟ್ಟಿಯನ್ನೂ ಅದು ತಾಳುವ ತೂಕವನ್ನೂ ಪರೀಕ್ಷಿಸುವುದು, ಕೆಟ್ಟದ್ದನ್ನು ಕೂಡಲೇ ವರದಿ ಮಾಡುವುದು ಸಿಬ್ಬಂದಿಯ ಹೊಣೆ. ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರನ್ನು ನೋಡಿಕೊಳ್ಳುವವರಿಗೂ ಸನ್ನೆಯ ನಿಯಮ ಬೇರೆಯಲ್ಲ. ಕರುಣೆಯು ಎಷ್ಟೇ ದೊಡ್ಡದಿರಲಿ, ಬೆನ್ನಿನ ಸ್ನಾಯುಗಳಿಗೆ ದೊರಕಿರುವುದು ಐದೇ ಸೆಂಟಿಮೀಟರ್.