ಲಿಂಬೆಯ ನಾಡಿನ ಮಕ್ಕಳಿಗೆ ಪರಭಾಷೆ



“ಜರ್ಮನ್ ಕಲತ್ರ ಹೊಟ್ಟಿ ತುಂಬತದೇನ್ರೀ ಫಾದರ್?” ಪಿಯುಸಿ ಮುಗಿಸಿದ ಮಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಇಂಡಿ ಕಡೆಯ ರೈತರೊಬ್ಬರು ಕೇಳಿದ ಪ್ರಶ್ನೆ ಇದು. ಮಗಳಿಗೆ ಪರಭಾಷೆಯನ್ನೂ ಅಂತರರಾಷ್ಟ್ರೀಯ ವ್ಯಾಪಾರವನ್ನೂ ಜೊತೆಯಾಗಿ ಓದುವ ಆಸೆ, ತಂದೆಗೆ ಸಾಲದ ಭಯ. ಆ ಆಸೆಯೂ ತಪ್ಪಲ್ಲ, ಆ ಭಯವೂ ತಪ್ಪಲ್ಲ.

ಸೊಲ್ಲಾಪುರದ ಪೇಟೆಗೆ ಹೋಗುವ ನಮ್ಮ ವ್ಯಾಪಾರಿಯನ್ನು ನೋಡಿ. ಮನೆಯಲ್ಲಿ ಕನ್ನಡ, ಅಡತಿಯಲ್ಲಿ ಮರಾಠಿ, ಲಾರಿಯವನ ಜೊತೆ ಹಿಂದಿ. ಕೊಳ್ಳುವವನ ಭಾಷೆಯಲ್ಲೇ ದರ ಮಾತಾಡಿದರೆ ಏನು ಲಾಭವೆಂದು ಅವನಿಗೆ ಯಾವ ಕಾಲೇಜೂ ಕಲಿಸಬೇಕಿಲ್ಲ. ಇಂಡಿಯ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಹೆಸರೇನೋ ಬಂತು. ಆ ಹೆಸರನ್ನು ದೂರದ ಪೇಟೆಯಲ್ಲಿ ವಿವರಿಸಿ ಹೇಳುವವರು ಬೇಕಲ್ಲವೇ?

ಆದರೆ ಭಾಷೆಯೊಂದೇ ಸಾಲದು. 2010ರಲ್ಲಿ ಯುರೋಪಿಗೆ ಹೋದ ಭಾರತದ ದ್ರಾಕ್ಷಿಯಲ್ಲಿ ಕ್ಲೋರ್ಮೆಕ್ವಾಟ್ ಎಂಬ ರಾಸಾಯನಿಕದ ಉಳಿಕೆ ಮಿತಿ ಮೀರಿದೆಯೆಂದು ಸರಕು ತಿರಸ್ಕೃತವಾಯಿತು. ಬೆಳೆಗಾರರೂ ರಫ್ತುದಾರರೂ ಬಹಳ ನಷ್ಟ ಅನುಭವಿಸಿದರು. ಅಂಥ ನಿಯಮಗಳನ್ನು ಓದಿ ತಿಳಿಯುವುದು ವ್ಯಾಪಾರಶಾಸ್ತ್ರದ ಕೆಲಸ. ಎಫ್‌ಒಬಿ ಕರಾರಿನಲ್ಲಿ ಸರಕು ಹಡಗನ್ನೇರುವವರೆಗೆ ಹೊಣೆ ಮಾರುವವನದು. ಸಿಐಎಫ್ ಆದರೆ ಆಚೆಯ ಬಂದರಿನ ತನಕ ಸಾಗಣೆ ಮತ್ತು ವಿಮೆಯ ಖರ್ಚೂ ಅವನದೇ. ಇದು ಗೊತ್ತಿಲ್ಲದವನು ಎಷ್ಟು ಸೊಗಸಾಗಿ ಜರ್ಮನ್ ಮಾತಾಡಿದರೂ ಕೈ ಸುಟ್ಟುಕೊಳ್ಳುತ್ತಾನೆ.

ಇನ್ನು ದಾರಿ. ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯದಲ್ಲಿ ಭಾಷೆಯಲ್ಲೇ ಪದವಿ ಪಡೆದು, ಬಳಿಕ ಅಂತರರಾಷ್ಟ್ರೀಯ ವ್ಯಾಪಾರದ ಎಂಬಿಎ ಮಾಡಬಹುದು. 1963ರಲ್ಲಿ ಆರಂಭವಾದ ದಿಲ್ಲಿಯ ಭಾರತೀಯ ವಿದೇಶ ವ್ಯಾಪಾರ ಸಂಸ್ಥೆ ಈ ವಿಷಯಕ್ಕೆ ಹೆಸರಾದದ್ದು. ಅಷ್ಟು ದೂರ ಆಗದಿದ್ದರೆ ಬಿ.ಕಾಂ. ಓದುತ್ತಲೇ ಭಾಷೆ ಕಲಿಯಬಹುದು; ಬೆಂಗಳೂರಿನಲ್ಲಿ ಜರ್ಮನ್‌ಗೆ ಮ್ಯಾಕ್ಸ್ ಮುಲ್ಲರ್ ಭವನ, ಫ್ರೆಂಚ್‌ಗೆ ಅಲಿಯಾನ್ಸ್ ಫ್ರಾನ್ಸೇಸ್ ಇವೆ. ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಮನೆಗಳಿಗೆ ನನಗೆ ಹಿಡಿಸುವುದು ಈ ಎರಡನೆಯ ದಾರಿಯೇ. ಭಾಷೆ ಒಗ್ಗದಿದ್ದರೂ ಪದವಿ ಕೈಯಲ್ಲಿರುತ್ತದೆ.

ಒಂದು ಮಾತು ಖಂಡಿತವಾಗಿ ಹೇಳಬೇಕು. ಯುರೋಪಿನ ಭಾಷೆಗಳಿಗೆ ಎ1ರಿಂದ ಸಿ2ರವರೆಗೆ ಆರು ಮೆಟ್ಟಿಲುಗಳಿವೆ. ಎ1 ಎಂದರೆ ಹೆಸರು ಹೇಳಿ, ದಾರಿ ಕೇಳುವಷ್ಟು. ವ್ಯವಹಾರದ ಮಾತಿಗೆ ಬಿ2 ಆದರೂ ಬೇಕು. ಅದಕ್ಕೆ ನೂರಾರು ತಾಸುಗಳ ಪಾಠ ಹಿಡಿಯುತ್ತದೆ. ಮೂರು ಭಾಷೆಗಳ ಎ1 ಪ್ರಮಾಣಪತ್ರ ಗೋಡೆಗೆ ತೂಗುಹಾಕುವುದಕ್ಕಷ್ಟೇ ಚೆಂದ. ಆರು ತಿಂಗಳಲ್ಲಿ ಭಾಷೆ ಕಲಿಸಿ ವಿದೇಶದಲ್ಲಿ ನೌಕರಿ ಕೊಡಿಸುತ್ತೇವೆ ಎನ್ನುವವರಿಗೆ ಹೊಲದ ಪಹಣಿ ತೋರಿಸಲೂಬೇಡಿ.

ಆ ರೈತರಿಗೆ ನಾನು ಹೇಳಿದ್ದಿಷ್ಟು: ಈಗಲೇ ಸಾಲ ಬೇಡ. ಬಿ.ಕಾಂ.ಗೆ ಸೇರಿಸಿ, ಮೊದಲ ವರ್ಷ ಒಂದೇ ಭಾಷೆಯ ಎ1 ಪರೀಕ್ಷೆ ಬರೆಯಲಿ. ಆಮೇಲೂ ಹಟ ಉಳಿದಿದ್ದರೆ ಮುಂದಿನ ಖರ್ಚಿನ ಲೆಕ್ಕ ಹಾಕೋಣ. “ಉಳೀತದ್ರೀ ಫಾದರ್” ಎಂದಳು ಮಗಳು, ತಂದೆ ಬಾಯಿ ತೆರೆಯುವ ಮೊದಲೇ.