ಕಬ್ಬು, ಜೇಡಿಮಣ್ಣು ಮತ್ತು ಸಾರಜನಕ

ಉತ್ತರ ಕನ್ನಡ ಜಿಲ್ಲೆಯ ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲ್ಲೂಕುಗಳು ಸಹ್ಯಾದ್ರಿಗೂ ಅರಬ್ಬೀ ಸಮುದ್ರಕ್ಕೂ ನಡುವೆ ಇವೆ. ಭತ್ತ, ತೆಂಗು, ಅಡಕೆಗಳು ಇಲ್ಲಿನ ಮುಖ್ಯ ಬೆಳೆಗಳು. ಆದರೂ ಈ ಸೀಮೆಯಲ್ಲಿ ಅಲ್ಲಲ್ಲಿ ಕಬ್ಬನ್ನೂ ಬೆಳೆಯುತ್ತಾರೆ. ಆಲೆಮನೆಯ ಕೊಪ್ಪರಿಗೆಯಲ್ಲಿ ಕುದಿದು ಸಿದ್ಧವಾಗುವ ಜೋನಿಬೆಲ್ಲವನ್ನು ಇಲ್ಲಿನ ಜನರು ದೋಸೆಯೊಡನೆ ಸವಿಯುತ್ತಾರೆ. ಆ ಬೆಲ್ಲದ ಗುಣವು ಬಹುಮಟ್ಟಿಗೆ ಗದ್ದೆಯಲ್ಲಿಯೇ ನಿರ್ಧಾರವಾಗುತ್ತದೆ. ಅದು ಹೇಗೆಂಬುದನ್ನು ನೋಡೋಣ.

ಸಸ್ಯದ ಬೆಳವಣಿಗೆಗೆ ಸಾರಜನಕವು ಅತ್ಯಗತ್ಯ. ವಾಯುವಿನಲ್ಲಿ ನೂರಕ್ಕೆ 78 ಪಾಲು ಸಾರಜನಕವಿದ್ದರೂ ಕಬ್ಬು ಅದನ್ನು ನೇರವಾಗಿ ಹೀರಲಾರದು. 1909ರಲ್ಲಿ ಜರ್ಮನಿಯ ಫ್ರಿಟ್ಸ್ ಹೇಬರನು ಸಾರಜನಕ ಮತ್ತು ಜಲಜನಕಗಳನ್ನು ಸಂಯೋಜಿಸಿ ಅಮೋನಿಯಾ ಪಡೆಯುವ ವಿಧಾನವನ್ನು ತೋರಿಸಿಕೊಟ್ಟನು. ಅಮೋನಿಯಾದಿಂದ ತಯಾರಾಗುವ ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕವಿದೆ. ಕರ್ನಾಟಕದಲ್ಲಿ ನೀರಾವರಿ ಕಬ್ಬಿಗೆ ಹೆಕ್ಟೇರಿಗೆ ಸುಮಾರು 250 ಕಿಲೋಗ್ರಾಂ ಸಾರಜನಕವನ್ನು ಕೃಷಿತಜ್ಞರು ಸೂಚಿಸುತ್ತಾರೆ.

ಮಣ್ಣಿಗೆ ಹಾಕಿದ ಸಾರಜನಕವೆಲ್ಲವೂ ಬೇರಿಗೆ ಸೇರುವುದೆ? ಇಲ್ಲ. ಜೇಡಿಯ ಕಣಗಳು 0.002 ಮಿಲಿಮೀಟರಿಗಿಂತ ಸಣ್ಣವು. ಅವು ಋಣ ವಿದ್ಯುದಂಶವುಳ್ಳವು. ಆದುದರಿಂದ ಅವು ಧನ ವಿದ್ಯುದಂಶದ ಅಮೋನಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತವೆ. ಆದರೆ ಮಣ್ಣಿನ ಸೂಕ್ಷ್ಮಜೀವಿಗಳು ಅಮೋನಿಯಂ ಅನ್ನು ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಋಣ ವಿದ್ಯುದಂಶದ ನೈಟ್ರೇಟನ್ನು ಜೇಡಿಯು ಹಿಡಿದಿಡಲಾರದು. ಜೇಡಿಮಣ್ಣಿನಲ್ಲಿ ನೀರು ನಿಧಾನವಾಗಿ ಬಸಿಯುತ್ತದೆ. ನೀರು ನಿಂತರೆ ಮಣ್ಣಿನಲ್ಲಿ ಗಾಳಿಯಾಡದು. ಆಗ ಕೆಲವು ಬ್ಯಾಕ್ಟೀರಿಯಗಳು ನೈಟ್ರೇಟಿನಲ್ಲಿರುವ ಆಮ್ಲಜನಕವನ್ನು ಬಳಸಿಕೊಂಡು ಸಾರಜನಕವನ್ನು ಮರಳಿ ವಾಯುವಿಗೆ ಸೇರಿಸುತ್ತವೆ. ಕರಾವಳಿಯ ತಗ್ಗು ಗದ್ದೆಗಳಲ್ಲಿ ಮುಂಗಾರು ಮಳೆಯಿಂದಲೂ, ಬೆಳಗಾವಿ, ಬಾಗಲಕೋಟೆಗಳ ಕಪ್ಪು ಎರೆಭೂಮಿಯಲ್ಲಿ ಅತಿಯಾಗಿ ಹಾಯಿಸಿದ ನೀರಿನಿಂದಲೂ ಇಂತಹ ನಷ್ಟವುಂಟಾಗುತ್ತದೆ. ರೈತನು ಹಣ ಕೊಟ್ಟು ತಂದ ಗೊಬ್ಬರವು ಕಣ್ಣಿಗೆ ಕಾಣದಂತೆ ಹಾರಿಹೋಗುತ್ತದೆ.

ನಷ್ಟವಾದುದನ್ನು ತುಂಬಲೆಂದು ಮತ್ತಷ್ಟು ಯೂರಿಯಾ ಸುರಿಯುವುದು ಸರಿಯಲ್ಲ. ಸಾರಜನಕವು ಮಿತಿಮೀರಿದರೆ ಕಬ್ಬು ಕಡುಹಸಿರಾಗಿ ಸೊಂಪಾಗಿ ಕಾಣುತ್ತದೆ. ಆದರೆ ಗಾಳಿಮಳೆಗೆ ನೆಲಕ್ಕೊರಗುತ್ತದೆ, ತಡವಾಗಿ ಮಾಗುತ್ತದೆ. ರಸದಲ್ಲಿ ಸಕ್ಕರೆಯ ಅಂಶ ಕುಗ್ಗುತ್ತದೆ. ಬೆಲ್ಲದ ಬಣ್ಣ ಕಪ್ಪಾಗುತ್ತದೆ; ಅದು ಬಹುಕಾಲ ಕೆಡದೆ ಉಳಿಯುವುದಿಲ್ಲ. ಕೊಚ್ಚಿಹೋದ ನೈಟ್ರೇಟ್ ಬಾವಿ, ಹೊಳೆಗಳ ನೀರನ್ನೂ ಕೆಡಿಸುತ್ತದೆ.

ಇದಕ್ಕೆ ಪರಿಹಾರವೇನು? ಮೊದಲು ಮಣ್ಣನ್ನು ಪರೀಕ್ಷೆ ಮಾಡಿಸಬೇಕು. ಬಸಿಗಾಲುವೆ ತೆಗೆದು ನೀರು ನಿಲ್ಲದಂತೆ ನೋಡಿಕೊಳ್ಳಬೇಕು. ಗೊಬ್ಬರವನ್ನು ಕಂತುಗಳಲ್ಲಿ ಕೊಟ್ಟು ಮಣ್ಣಿನಿಂದ ಮುಚ್ಚಬೇಕು. 2015ರಿಂದ ದೇಶದಲ್ಲಿ ಯೂರಿಯಾಕ್ಕೆ ಬೇವಿನೆಣ್ಣೆಯ ಲೇಪನ ಕಡ್ಡಾಯವಾಗಿದೆ. ಈ ಲೇಪನದಿಂದ ನೈಟ್ರೇಟ್ ಉಂಟಾಗುವುದು ನಿಧಾನವಾಗುತ್ತದೆ. ಕೊಟ್ಟಿಗೆ ಗೊಬ್ಬರವು ಜೇಡಿಯನ್ನು ಸಡಿಲಗೊಳಿಸಿ ಬೇರಿಗೆ ಗಾಳಿಯನ್ನು ಒದಗಿಸುತ್ತದೆ.

ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳನ್ನು ನೋಡಿರಿ. ಉಪ್ಪುನೀರನ್ನು ತಾಳಬಲ್ಲ ಕಗ್ಗ ಭತ್ತವನ್ನು ಹಿರಿಯರು ಅಲ್ಲಿ ರಾಸಾಯನಿಕ ಗೊಬ್ಬರವಿಲ್ಲದೆ ಬೆಳೆದರು. ನದಿಯ ಮೆಕ್ಕಲು ಮಣ್ಣೇ ಬೆಳೆಗೆ ಆಹಾರವಾಯಿತು. ಕಬ್ಬಿನ ಹಸಿವು ಕಗ್ಗಕ್ಕಿಂತ ಹೆಚ್ಚಿನದು. ಅದಕ್ಕೆ ಗೊಬ್ಬರ ಬೇಕೇಬೇಕು. ಆದರೆ ಎಷ್ಟು, ಯಾವಾಗ, ಹೇಗೆ ಎಂಬುದನ್ನು ಮಣ್ಣಿನ ಗುಣವನ್ನು ಅರಿತೇ ನಿರ್ಧರಿಸಬೇಕು.