ಇಬ್ಬರ ಮಾತನ್ನೂ ಪೂರ್ತಿ ಕೇಳು

ಲೈಂಗಿಕ ಕಿರುಕುಳದ ದೂರುಗಳನ್ನು ವಿಚಾರಿಸುವ ಕಾಲೇಜಿನ ಆಂತರಿಕ ದೂರು ಸಮಿತಿಗೆ ನಿನ್ನನ್ನು ಸದಸ್ಯೆಯಾಗಿ ಹಾಕಿದ್ದಾರೆಂದು ಕೇಳಿ ಸಂತೋಷವಾಯಿತು, ತಂಗಿ. ಮೊದಲ ದೂರು ಬಂದ ದಿನವೇ ಎರಡು ಥರದ ಮಾತು ನಿನ್ನ ಕಿವಿಗೆ ಬೀಳುತ್ತವೆ. ‘ಹೆಣ್ಣುಮಗಳು ಇಂಥ ವಿಷಯದಲ್ಲಿ ಸುಳ್ಳು ಹೇಳುತ್ತಾಳೆಯೇ?’ ಎಂಬುದು ಒಂದು. ‘ಅಂಥ ಮನುಷ್ಯ ಹಾಗೆ ಮಾಡುತ್ತಾರೆಯೇ?’ ಎಂಬುದು ಇನ್ನೊಂದು. ದೂರಿನ ಕಾಗದ ಓದುವ ಮೊದಲೇ ತೀರ್ಪು ಕೊಟ್ಟುಬಿಡುವ ಮಾತುಗಳಿವು. ಎರಡಕ್ಕೂ ಕಿವಿಗೊಡಬೇಡ.

ನೀನು ಕೂರುವ ಆ ಕುರ್ಚಿ ಸುಮ್ಮನೆ ಬಂದದ್ದಲ್ಲ. ರಾಜಸ್ಥಾನದ ಭಟೇರಿಯಲ್ಲಿ ಬಾಲ್ಯವಿವಾಹ ತಡೆಯಲು ಹೋದ ಕಾರ್ಯಕರ್ತೆ ಭಂವರಿ ದೇವಿ 1992ರಲ್ಲಿ ಸಾಮೂಹಿಕ ಅತ್ಯಾಚಾರದ ದೂರು ಕೊಟ್ಟರು. 1995ರಲ್ಲಿ ಕೆಳ ನ್ಯಾಯಾಲಯ ಆರೋಪಿಗಳನ್ನು ಅತ್ಯಾಚಾರದ ಆರೋಪದಿಂದ ಖುಲಾಸೆ ಮಾಡಿತು. ಭಂವರಿ ದೇವಿಯವರ ಪ್ರಕರಣದ ಹಿನ್ನೆಲೆಯಲ್ಲಿ ಮಹಿಳಾ ಸಂಘಟನೆಗಳು ಹೂಡಿದ ವಿಶಾಖಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1997ರಲ್ಲಿ, ಕೆಲಸದ ಜಾಗಗಳಲ್ಲಿ ಇಂಥ ಸಮಿತಿ ಇರಬೇಕೆಂದು ಮಾರ್ಗಸೂಚಿ ಕೊಟ್ಟಿತು. ಅದು ಕಾಯ್ದೆಯಾಗಲು 2013ರವರೆಗೆ ಕಾಯಬೇಕಾಯಿತು. ಹೆಣ್ಣುಮಕ್ಕಳ ಮಾತು ಕೇಳಿಸಿಕೊಳ್ಳುವವರೇ ಇಲ್ಲದ ಕಾಲ ದೀರ್ಘವಾಗಿತ್ತು, ಮರೆಯಬೇಡ.

ಹಾಗಾಗಿ ದೂರು ತಂದವಳನ್ನು ಮೊದಲು ಕೂರಿಸಿ, ಅಡ್ಡ ಬಾಯಿ ಹಾಕದೆ ಕೇಳು. ಅವಳ ಬಟ್ಟೆ, ಓಡಾಟ, ಗೆಳೆತನ ನಿನ್ನ ವಿಚಾರಣೆಯ ವಿಷಯವಲ್ಲ. ದೂರು ಕೊಡಲು ಮೂರು ತಿಂಗಳ ಗಡುವಿದೆ; ಸಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ವಿಸ್ತರಿಸಬಹುದು. ಆದ್ದರಿಂದ ‘ಯಾಕೆ ತಡ?’ ಎಂದು ಕೇಳಬೇಕಾದರೆ ಕಾರಣ ದಾಖಲಿಸಲು ಕೇಳು, ಹಂಗಿಸಲು ಬೇಡ. ಆರೋಪ ಅವಳ ಗೈಡ್ ಮೇಲೇ ಇದ್ದರೆ, ವಿಚಾರಣೆ ಮುಗಿಯುವವರೆಗೆ ಅವಳ ಓದಿನ ಉಸ್ತುವಾರಿಯಿಂದ ಅವರನ್ನು ದೂರವಿಡಬೇಕೆಂದು ಶಿಫಾರಸು ಮಾಡಲು ನಿಯಮದಲ್ಲೇ ಅವಕಾಶವಿದೆ. ಅದು ಶಿಕ್ಷೆಯಲ್ಲ; ಹೆದರಿಕೆಯಿಲ್ಲದೆ ಮಾತಾಡಲು ಅವಳಿಗೆ ಬೇಕಾದ ಆಸರೆ.

ಆರೋಪ ಹೊತ್ತವನೊಂದಿಗೂ ಅಷ್ಟೇ ನಿಷ್ಠೆಯಿಂದ ನಡೆದುಕೋ. ದೂರಿನ ಪ್ರತಿ ಏಳು ಕೆಲಸದ ದಿನಗಳೊಳಗೆ ಅವನ ಕೈ ಸೇರಬೇಕು. ಉತ್ತರ ಕೊಡಲು ಅವನಿಗೆ ಹತ್ತು ಕೆಲಸದ ದಿನಗಳಿವೆ. ಅವನ ವಿರುದ್ಧ ಯಾರು ಏನು ಹೇಳಿದ್ದಾರೆಂದು ಅವನಿಗೆ ಗೊತ್ತಾಗಬೇಕು, ಅವನ ಸಾಕ್ಷಿಗಳನ್ನೂ ಕರೆಸಬೇಕು. ಅವರಿಬ್ಬರನ್ನೂ ಎದುರುಬದುರು ಕೂರಿಸಬೇಕಿಲ್ಲ. ಅವನ ಪ್ರಶ್ನೆಗಳನ್ನು ಬರಹದಲ್ಲಿ ಪಡೆದು ಸಮಿತಿಯೇ ಕೇಳಬಹುದು.

‘ತಪ್ಪು ಮಾಡಿದವನಿಗೆ ಇಷ್ಟೆಲ್ಲ ಉಪಚಾರ ಯಾಕೆ?’ ಎಂದು ನಿನ್ನ ಪಕ್ಕದಲ್ಲಿ ಕೂತವರೇ ಕೇಳಬಹುದು. ಅವರಿಗೆ ಗೋವಾ ವಿಶ್ವವಿದ್ಯಾಲಯದ ಪ್ರಕರಣ ಹೇಳು. 2009ರಲ್ಲಿ ವಿದ್ಯಾರ್ಥಿನಿಯರು ಒಬ್ಬ ಅಧ್ಯಾಪಕರ ಮೇಲೆ ದೂರು ಕೊಟ್ಟರು. ಸಮಿತಿ ಅವಸರ ಅವಸರವಾಗಿ ಸಭೆಗಳನ್ನು ನಡೆಸಿ ವರದಿ ಕೊಟ್ಟಿತು, ಅಧ್ಯಾಪಕರ ಕೆಲಸ ಹೋಯಿತು. 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಅವರಿಗೆ ತಮ್ಮ ಪರ ಹೇಳಿಕೊಳ್ಳಲು ಸರಿಯಾದ ಅವಕಾಶ ಸಿಕ್ಕಿಲ್ಲವೆಂದು ವಜಾ ಆದೇಶ ರದ್ದುಮಾಡಿ, ವಿಚಾರಣೆಯನ್ನು ಮತ್ತೆ ಸಮಿತಿಗೇ ಕಳಿಸಿತು. ಹದಿನಾಲ್ಕು ವರ್ಷವಾದರೂ ಆರೋಪ ನಿಜವೋ ಸುಳ್ಳೋ ತೀರ್ಮಾನವಾಗಲಿಲ್ಲ. ಸಮಿತಿಯ ಅವಸರದಿಂದ ಆತನಿಗೆ ಅನ್ಯಾಯವಾಯಿತು. ದೂರು ಕೊಟ್ಟ ಹುಡುಗಿಯರಿಗೆ ಅದಕ್ಕೂ ಕಡಿಮೆಯಿಲ್ಲದ ಅನ್ಯಾಯವಾಯಿತು. ಆರೋಪಿಯ ಹಕ್ಕನ್ನು ಕಾಯ್ದರೆ ಹೆಣ್ಣಿನ ನ್ಯಾಯವೂ ಗಟ್ಟಿಯಾಗುತ್ತದೆ ಎಂದು ನಾನು ಹೇಳುವುದು ಇದಕ್ಕೇ. ವಿಚಾರಣೆಗೆ ಕಾನೂನು ತೊಂಬತ್ತು ದಿನ ಕೊಟ್ಟಿದೆ. ಅಷ್ಟನ್ನೂ ಶ್ರದ್ಧೆಯಿಂದ ಬಳಸು, ಎಳೆದಾಡಬೇಡ.

ನಡೆದದ್ದು ಅತ್ಯಾಚಾರದಂಥ ಅಪರಾಧವಾಗಿದ್ದರೆ ಪೊಲೀಸರಿಗೆ ದೂರು ಕೊಡುವ ಹಕ್ಕು ಅವಳಿಗಿದೆ, ನೆರವಾಗುವ ಹೊಣೆ ಸಂಸ್ಥೆಯದು ಎಂದು ತಿಳಿಸು. ‘ಕಾಲೇಜಿನ ಹೆಸರು ಹಾಳಾಗುತ್ತದೆ’ ಎಂದು ಅವಳ ಬಾಯಿ ಮುಚ್ಚಿಸಲು ಯಾರಿಗೂ ಬಿಡಬೇಡ. ರಾಜಿಯ ಮಾತು ಅವಳಾಗಿ ಕೇಳಿದರೆ ಮಾತ್ರ ಬರಬೇಕು, ಅದರಲ್ಲಿ ದುಡ್ಡಿನ ವ್ಯವಹಾರ ಕೂಡದು. ಇಬ್ಬರ ಹೆಸರೂ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡಬಾರದು. ಗುಟ್ಟು ಕಾಪಾಡುವ ನಿಯಮ ಇಬ್ಬರ ಪರವಾಗಿಯೂ ಇದೆ.

ಕೊನೆಗೆ ತೂಗಿ ನೋಡುವಾಗ ನೆನಪಿಡು: ಕ್ರಿಮಿನಲ್ ನ್ಯಾಯಾಲಯಕ್ಕೆ ಸಂಶಯಾತೀತ ರುಜುವಾತು ಬೇಕು, ನಿನ್ನ ಸಮಿತಿ ಯಾವುದು ಹೆಚ್ಚು ಸಂಭವನೀಯ ಎಂದು ನೋಡಿದರೆ ಸಾಕು. ಅಷ್ಟೂ ಸಿಗದಿದ್ದರೆ ‘ರುಜುವಾತಾಗಲಿಲ್ಲ’ ಎಂದು ಬರೆ. ‘ಸುಳ್ಳು ದೂರು’ ಎಂದು ಬರೆಯಬೇಡ. ರುಜುವಾತು ಮಾಡಲಾಗಲಿಲ್ಲ ಎಂಬುದಷ್ಟರಿಂದಲೇ ದೂರು ಕೊಟ್ಟವಳ ಮೇಲೆ ಕ್ರಮ ಕೈಗೊಳ್ಳಬೇಕಿಲ್ಲ ಎಂದು ಕಾಯ್ದೆಯೇ ಸ್ಪಷ್ಟವಾಗಿ ಹೇಳಿದೆ. ದುರುದ್ದೇಶವಿತ್ತು ಎನ್ನಬೇಕಾದರೆ ಅದನ್ನೂ ವಿಚಾರಣೆ ಮಾಡಿಯೇ ಸ್ಥಾಪಿಸಬೇಕು.

ನಿನ್ನ ವರದಿಯ ಪ್ರತಿ ಇಬ್ಬರ ಕೈಗೂ ಹೋಗುತ್ತದೆ, ಇಬ್ಬರಿಗೂ ಮೇಲ್ಮನವಿಯ ದಾರಿಯಿದೆ. ಯಾವ ಮಾತನ್ನು ನಂಬಿದೆ, ಯಾವುದನ್ನು ನಂಬಲಿಲ್ಲ, ಏಕೆ ಎಂದು ಒಂದೊಂದಕ್ಕೂ ಕಾರಣ ಬರೆ. ತೀರ್ಮಾನ ತಮಗೆ ವಿರುದ್ಧವಾಗಿ ಬಂದವರೂ ಅದನ್ನು ಓದಿ ‘ನನ್ನ ಮಾತನ್ನು ಪೂರ್ತಿ ಕೇಳಿದ್ದಾರೆ’ ಎನ್ನುವಂತಿರಲಿ.